ಆರು ಮಿಲಿಮೀಟರಿನ ಮೂಗು

ನಮ್ಮ ಕ್ಲಬ್ಬಿಗೆ ಹೊಸದಾಗಿ ಸೇರಿರುವ ದಾವಣಗೆರೆಯ ಹುಡುಗನೊಬ್ಬ ಕಳೆದ ಭಾನುವಾರ ಚಹಾ ಹೀರುತ್ತಾ ಕೇಳಿದ: “ಸರ್, ಯಾವ ಪಿಸ್ತೂಲ್ ತಗೊಳ್ಳಲಿ? ಒಂದೇ ಒಂದು ಹೆಸರು ಹೇಳಿಬಿಡಿ.” ಮೊಬೈಲಿನಲ್ಲಿ ಆಗಲೇ ಐದಾರು ಚಿತ್ರ ಇಟ್ಟುಕೊಂಡಿದ್ದ. ಎಲ್ಲವೂ ಕಪ್ಪು, ಎಲ್ಲವೂ ಪಾಲಿಮರ್. ದೂರದಿಂದ ನೋಡಿದರೆ ಒಂದೇ ತಾಯಿಯ ಮಕ್ಕಳು.

ಮೆಲ್ಬರ್ನಿನಲ್ಲಿ ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಕಾಯ್ದೆಯೇ ಬರೆದಿಟ್ಟಿದೆ. 2002ರ ಅಕ್ಟೋಬರಿನಲ್ಲಿ ಇಲ್ಲಿನ ಮೊನಾಶ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಗುಂಡು ಹಾರಿ ಇಬ್ಬರು ಸತ್ತರು. ಕೊಂದವನ ಬಳಿ ಇದ್ದದ್ದು ಪರವಾನಗಿ ಪಡೆದ ಕೈಬಂದೂಕುಗಳೇ. ಮರುವರ್ಷ ಸರ್ಕಾರ ದುಡ್ಡು ಕೊಟ್ಟು ಪಿಸ್ತೂಲುಗಳನ್ನು ವಾಪಸು ಪಡೆಯಿತು, ಅಳತೆಗೋಲು ಹಿಡಿಯಿತು. ಸೆಮಿ-ಆಟೊಮ್ಯಾಟಿಕ್ ಆದರೆ ನಳಿಗೆ 120 ಮಿ.ಮೀ.ಗಿಂತ ಕಡಿಮೆ ಇರಕೂಡದು. ಮ್ಯಾಗಜೀನಿನಲ್ಲಿ ಹತ್ತೇ ಗುಂಡು. ಬೋರ್ .38 ಇಂಚು ಮೀರಬಾರದು; ಕೆಲವು ನಿಗದಿತ ಸ್ಪರ್ಧೆಗಳಿಗೆ ಮಾತ್ರ .45ರವರೆಗೆ ರಿಯಾಯಿತಿ. ಜೇಬಿನಲ್ಲಿ ಅಡಗಿಸಬಹುದಾದ್ದು ಯಾರ ಕೈಗೂ ಸಿಗಬಾರದು ಎನ್ನುವುದು ಇದರ ಹಿಂದಿನ ಲೆಕ್ಕ. ಸದಸ್ಯನಾದ ಮೊದಲ ಆರು ತಿಂಗಳು ಸ್ವಂತದ ಪಿಸ್ತೂಲು ಇಟ್ಟುಕೊಳ್ಳುವಂತೆಯೇ ಇಲ್ಲ, ಕ್ಲಬ್ಬಿನದನ್ನೇ ಹಿಡಿಯಬೇಕು. ನಮ್ಮ ಹುಡುಗನದು ಈಗ ಎರಡನೇ ತಿಂಗಳು. ಕೂಸು ಹುಟ್ಟುವ ಮುಂಚೆಯೇ ತೊಟ್ಟಿಲು ಕೊಳ್ಳುವ ಅವಸರ ಅವನಿಗೆ.

ಗ್ಲಾಕ್ 17ರಿಂದ ಶುರುಮಾಡೋಣ, ಎಲ್ಲರೂ ಅಲ್ಲಿಂದಲೇ ಶುರುಮಾಡುವುದು. ಗಾಸ್ಟನ್ ಗ್ಲಾಕ್ ಎಂಬ ಆಸ್ಟ್ರಿಯಾದವನು ಪರದೆ ಕಟ್ಟುವ ಸರಳು, ಸೈನ್ಯಕ್ಕೆ ಚಾಕು ಮಾಡಿಕೊಂಡಿದ್ದವನು. ಅದಕ್ಕೆ ಮುಂಚೆ ಪಿಸ್ತೂಲು ಮಾಡಿದವನಲ್ಲ. 1982ರಲ್ಲಿ ಅವನ ಪಿಸ್ತೂಲನ್ನು ಆಸ್ಟ್ರಿಯಾದ ಸೈನ್ಯ ಒಪ್ಪಿಕೊಂಡಿತು. ಪಾಲಿಮರ್ ಪಿಸ್ತೂಲಿನಲ್ಲಿ ಅವನೇ ಮೊದಲಿಗನೆಂದು ಹೇಳುವವರಿದ್ದಾರೆ. ಅಲ್ಲ, ಜರ್ಮನಿಯ ಹೆಕ್ಲರ್ ಅಂಡ್ ಕಾಖ್ 1970ರಲ್ಲೇ ವಿಪಿ70 ತಂದಿತ್ತು. ಆದರೆ ಅದರ ಟ್ರಿಗರ್ ಎಳೆಯುವುದೆಂದರೆ ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ. ಗೆದ್ದದ್ದು ಗ್ಲಾಕ್.

ಈ ಗ್ಲಾಕ್ 17ರ ನಳಿಗೆ 114 ಮಿ.ಮೀ. ಆಸ್ಟ್ರೇಲಿಯಾಕ್ಕೆ ಆರು ಮಿ.ಮೀ. ಕಡಿಮೆ! ಕಂಪನಿಯವರು ಏನು ಮಾಡಿದರು? ಉಳಿದ ಪಿಸ್ತೂಲನ್ನು ಮುಟ್ಟದೆ ನಳಿಗೆಯೊಂದನ್ನೇ ಉದ್ದ ಮಾಡಿ 17ಎ ಎಂಬ ಹೆಸರಿಟ್ಟು ಕಳಿಸಿದರು. ಅಂಗಿಯ ತೋಳಿನಿಂದ ಬನಿಯನ್ ಇಣುಕಿದಂತೆ ಅದರ ಮೂತಿ ಸ್ಲೈಡಿನಿಂದ ಹೊರಗೆ ಚಾಚಿರುತ್ತದೆ. ಅಳತೆಗೋಲಿಗೆ ತೃಪ್ತಿ. ಗುರಿಕಾರನಿಗೆ ಸಿಕ್ಕಿದ್ದು? ಏನೂ ಇಲ್ಲ. ಗುರಿ ಕೂಡಿಸುವುದು ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ಅಂತರ. ಆ ಎರಡೂ ಸ್ಲೈಡಿನ ಮೇಲಿವೆ, ಸ್ಲೈಡು ಬೆಳೆದಿಲ್ಲ. ಹಳೆಯ 165 ಮಿ.ಮೀ. ಹಾಗೇ ಉಳಿಯಿತು.

ಅದಕ್ಕೇ ನಾನು 17ಎ ಕೊಳ್ಳಬೇಡ ಎನ್ನುವವನು. ಅದೇ ಕಂಪನಿಯ ಗ್ಲಾಕ್ 34 ಇದೆ, 135 ಮಿ.ಮೀ. ನಳಿಗೆ, ಸೈಟುಗಳ ನಡುವೆ 192 ಮಿ.ಮೀ. ಅದು ಸ್ಪರ್ಧೆಗೆಂದೇ ಹುಟ್ಟಿದ್ದು, ಕಾಯ್ದೆಗೆ ಹೆದರಿ ಮೂಗು ಬೆಳೆಸಿಕೊಂಡದ್ದಲ್ಲ. 25 ಮೀಟರಿನಲ್ಲಿ ಆ 27 ಮಿ.ಮೀ. ವ್ಯತ್ಯಾಸ ಕಣ್ಣಿಗೆ ತಟ್ಟನೆ ತಿಳಿಯುತ್ತದೆ. ಸೈಟುಗಳ ಬದಲು ಕೆಂಪು ಚುಕ್ಕೆ ತೋರುವ ರೆಡ್ ಡಾಟ್ ಹಾಕುವವರಿಗೆ ಈ ವಾದ ಅನ್ವಯಿಸದು, ಅವರು ಮುಂದಿನ ಪ್ಯಾರಾಕ್ಕೆ ಹೋಗಲಿ.

ಗ್ಲಾಕಿನ ಹಿಡಿಯ ಓರೆ ಬೇರೆಯವುಗಳಿಗಿಂತ ಜಾಸ್ತಿ. ಬೇರೆ ಪಿಸ್ತೂಲಿನಲ್ಲಿ ಪಳಗಿದವರು ಎತ್ತಿ ಹಿಡಿದರೆ ಮೂತಿ ಆಕಾಶ ನೋಡುತ್ತದೆ. ವಾಲ್ಥರ್ ಪಿಡಿಪಿಯ ಹಿಡಿ ಮಾತ್ರ ಅಂಗೈಗೆ ತಾನೇ ಬಂದು ಕೂರುತ್ತದೆ, ಟ್ರಿಗರ್ ಗಾಜಿನ ಕಡ್ಡಿ ಮುರಿದಷ್ಟು ಸ್ವಚ್ಛ. ಕೊರತೆಯೆಂದರೆ ಅದರ ಸ್ಲೈಡು ಎತ್ತರ, ಒದ್ದಾಗ ಮೂತಿ ಸ್ವಲ್ಪ ಜಾಸ್ತಿ ಏಳುತ್ತದೆ. ಐದು ಇಂಚಿನದನ್ನೇ ಕೇಳಿ, ನಾಲ್ಕೂವರೆಯದು ಇಲ್ಲಿ ನಡೆಯದು. ತುರ್ಕಿಯ ಕ್ಯಾನಿಕ್ ಟಿಪಿ9 ಎಸ್‌ಎಫ್‌ಎಕ್ಸ್‌ಗೆ 132 ಮಿ.ಮೀ. ನಳಿಗೆ, ಬೆಲೆಯಲ್ಲಿ ಬಡವರ ಬಂಧು, ಟ್ರಿಗರಿನಲ್ಲಿ ಅಲ್ಲ. ನನ್ನ ಮತ ಕೇಳಿದರೆ, ಮೊದಲ ಪಿಸ್ತೂಲಿಗೆ ಅದು ಸಾಕು. ಉಳಿದ ಹಣಕ್ಕೆ ಗುಂಡು ಕೊಳ್ಳಿ.

ಹತ್ತು ಗುಂಡಿನ ಕಟ್ಟಳೆಯ ವಿಚಾರ. ಹದಿನೇಳು ಹಿಡಿಯಲೆಂದು ದಪ್ಪ ಮಾಡಿದ ಹಿಡಿಯೊಳಗೆ ಹತ್ತು ಗುಂಡು ಕೂತರೆ ದೊಡ್ಡ ಮನೆಯಲ್ಲಿ ಮೂವರೇ ಇದ್ದಂತೆ. ಒಂದು 9 ಎಂಎಂ ಗುಂಡು ಸುಮಾರು 12 ಗ್ರಾಂ; ಏಳು ಕಡಿಮೆಯಾದರೆ 80 ಗ್ರಾಮಿಗೂ ಹೆಚ್ಚು ಹಗುರ. ಮೊದಲೇ ಖಾಲಿ ಗ್ಲಾಕ್ 17 ತೂಗುವುದು 630 ಗ್ರಾಂ ಅಷ್ಟೆ. ಪಾಲಿಮರಿನ ಈ ಹಗುರವನ್ನು ದಿನವಿಡೀ ಸೊಂಟಕ್ಕೆ ಕಟ್ಟಿಕೊಳ್ಳುವ ಪೊಲೀಸರು ಮೆಚ್ಚುತ್ತಾರೆ, ನಾವು ಯಾಕೆ ಮೆಚ್ಚಬೇಕು? ನಮ್ಮ ಪಿಸ್ತೂಲು ಪೆಟ್ಟಿಗೆಯಿಂದ ರೇಂಜಿಗೆ, ರೇಂಜಿನಿಂದ ಪೆಟ್ಟಿಗೆಗೆ. ಹಗುರವಾದಷ್ಟೂ ಒದೆತ ಜಾಸ್ತಿ. ಓಡುತ್ತಾ ಹಲವು ಗುರಿಗಳಿಗೆ ಹೊಡೆಯುವ ಐಪಿಎಸ್‌ಸಿ ಸ್ಪರ್ಧೆಗಳಲ್ಲಿ ಉಕ್ಕಿನ ಸಿಝೆಡ್ ಶ್ಯಾಡೋ 2 ಇಷ್ಟೊಂದು ಕೈಗಳಲ್ಲಿ ಕಾಣುವುದು ಇದರಿಂದಲೇ. ಅದರ ತೂಕ 1.3 ಕಿಲೋ ದಾಟುತ್ತದೆ. ಸಿಗ್ ಕಂಪನಿಯವರು ಪಿ320 ಎಕ್ಸ್-ಫೈವ್ ಲೀಜನ್‌ಗೆ ಪಾಲಿಮರಿನಲ್ಲಿ ಟಂಗ್‌ಸ್ಟನ್ ಪುಡಿ ಬೆರೆಸಿ ಹಿಡಿ ಎರಕ ಹೊಯ್ದರು. ಹಗುರವಾಗಲೆಂದು ಉಕ್ಕು ಬಿಟ್ಟು ಪ್ಲಾಸ್ಟಿಕ್ ತಂದದ್ದು, ಭಾರವಾಗಲೆಂದು ಪ್ಲಾಸ್ಟಿಕ್ಕಿಗೆ ಲೋಹ ಬೆರೆಸಿದ್ದು! ನಗು ಬಂದರೂ ಹೇಳಬೇಕು, ಅದು ಕೈಯಲ್ಲಿ ಬಂಡೆಯ ಹಾಗೆ ನಿಲ್ಲುತ್ತದೆ.

ಇನ್ನೊಂದು ಲಾಭವೋ ಹಿಂಸೆಯೋ: 32 ಗುಂಡಿನ ದೊಡ್ಡ ಸ್ಟೇಜ್ ಮುಗಿಸಲು ನಮಗೆ ನಾಲ್ಕು ಮ್ಯಾಗಜೀನ್ ಬೇಕು. ಓಡುತ್ತಾ ಮ್ಯಾಗಜೀನ್ ಬದಲಿಸುವುದರಲ್ಲಿ ಇಲ್ಲಿನವರ ಕೈ ಅದಕ್ಕೇ ಚುರುಕು. ಆದ್ದರಿಂದ ಪಿಸ್ತೂಲು ನೋಡುವಾಗ ನಾನು ನಳಿಗೆಗಿಂತ ಮೊದಲು ಮ್ಯಾಗಜೀನಿನ ಬಾಯಿ ಎಷ್ಟು ಅಗಲ, ಬಿಡುಗಡೆಯ ಗುಂಡಿ ಹೆಬ್ಬೆರಳಿಗೆ ಎಟುಕುತ್ತದೆಯೇ ಎಂದು ನೋಡುತ್ತೇನೆ.

ಕಾಯ್ದೆಗಳ ವಿಚಿತ್ರ ನೋಡಿ. ಕೆನಡಾದಲ್ಲಿ ನಳಿಗೆ 105 ಮಿ.ಮೀ. ಮೀರಿರಬೇಕು, 102 ಇದ್ದ ಗ್ಲಾಕ್ 19ಕ್ಕೆ ಅಲ್ಲಿ 106ರ ನಳಿಗೆ ಜೋಡಿಸಿದರು. 2022ರ ಅಕ್ಟೋಬರಿನಲ್ಲಿ ಕೊಳ್ಳುವುದನ್ನೇ ನಿಲ್ಲಿಸಿದರು, ಒಲಿಂಪಿಕ್ ಮಾದರಿಯ ಶೂಟರುಗಳಂಥ ಕೆಲವರಿಗಷ್ಟೇ ವಿನಾಯಿತಿ. ಟೊರಾಂಟೋದ ಗೆಳೆಯರಿಗೆ ಈ ಅಂಕಣ ಮದುವೆಯಾದ ಮೇಲೆ ಜಾತಕ ಕೂಡಿಸಿದಂತೆ. ಅಲ್ಲಿ .32 ಬೋರ್ ಸಾಮಾನ್ಯರಿಗೆ ನಿಷಿದ್ಧ. ನಮ್ಮ ಭಾರತದಲ್ಲಿ ತಿರುಗಮುರುಗ: 9 ಎಂಎಂ ನಿಷೇಧಿತ ಬೋರ್, .32 ಲೈಸೆನ್ಸಿಗೆ ಸಿಗುವಂಥದ್ದು. ಬೆಂಗಳೂರಿನಲ್ಲಿ ನಾನು ಕಲಿತದ್ದು .22ರ ಕ್ರೀಡಾ ಪಿಸ್ತೂಲಿನಲ್ಲಿ. ಅದರ ಹಿಡಿ ಮರದ್ದು; ಅರದಿಂದ ಉಜ್ಜಿ, ಪುಟ್ಟಿ ಮೆತ್ತಿ, ನಮ್ಮ ಕೈಗೇ ಅಚ್ಚು ಮಾಡಿಕೊಳ್ಳುತ್ತಿದ್ದೆವು. ಗ್ಲಾಸ್ಗೋದ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದ ನಮ್ಮ ಪ್ರಕಾಶ್ ನಂಜಪ್ಪ ಇಂಥ ಮರದ ಹಿಡಿಯ ಪರಂಪರೆಯವರು. ಬೆಂಗಳೂರಿನಲ್ಲಿ ಒಂದು ಕಿಲೋ ಟ್ರಿಗರನ್ನು 25 ಮೀಟರಿನಲ್ಲಿ ಎಳೆಯುತ್ತಿದ್ದ ಬೆರಳಿಗೆ ಗ್ಲಾಕಿನ ಎರಡೂವರೆ ಕಿಲೋ ಮೊದಲ ದಿನ ಕೆಟ್ಟ ಜೋಕಿನಂತಿತ್ತು.

ಹುಡುಗನಿಗೆ ಹೆಸರು ಹೇಳಲಿಲ್ಲ. ಕ್ಲಬ್ಬಿನ 34 ಕೊಟ್ಟೆ. ಹತ್ತೂ ಗುಂಡು ಕೆಳಗೆ, ಎಡಕ್ಕೆ. “ಸೈಟ್ ಸರಿಯಿಲ್ಲ ಅನ್ಸುತ್ತೆ, ಸರ್.” ಮುಂದಿನ ಮ್ಯಾಗಜೀನನ್ನು ನಾನೇ ತುಂಬಿಸಿದೆ, ನಡುನಡುವೆ ಎರಡು ಡಮ್ಮಿ ಗುಂಡು ಸೇರಿಸಿ. ಮೂರನೆಯದಕ್ಕೆ ಟಕ್ ಎಂದಿತು, ಗುಂಡು ಹಾರಲಿಲ್ಲ. ಪಿಸ್ತೂಲಿನ ಮೂತಿ ಮಾತ್ರ ನೆಲದ ಕಡೆಗೆ ಗಕ್ಕನೆ ಬಗ್ಗಿತು. ಬರಲಿರುವ ಒದೆತಕ್ಕೆ ಕೈ ಮೊದಲೇ ಹೆದರಿತ್ತು. ಅವನು ಪಿಸ್ತೂಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

“.22 ಇದ್ಯಾ ಸರ್, ಕ್ಲಬ್ಬಲ್ಲಿ?” ಎಂದು ಕೇಳಿದ.