ಅಧಿಕಾರ ತೊರೆದ ಮೇಲಿನ ನುಡಿ

ಮೂವತ್ತು ವರ್ಷ ಸರಕಾರಿ ಕಡತಗಳ ಭಾಷೆಯಲ್ಲಿ ಸವೆದ ಮನಸ್ಸಿನಲ್ಲಿ ಸ್ವಂತ ನುಡಿ ಉಳಿದಿರುತ್ತದೆಯೇ? ನಿವೃತ್ತಿಯ ತರುವಾಯ ಲೇಖನಿ ಹಿಡಿಯಬಯಸುವ ಅನೇಕರನ್ನು ಈ ಶಂಕೆ ಕಾಡುತ್ತದೆ. ಬೆಂಗಳೂರಿನ ದಕ್ಷಿಣ ಭಾಗದ ಗವಿಪುರದಲ್ಲಿ ಬಾಳಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ವಾಚಕರು ಈ ದೃಷ್ಟಿಯಿಂದ ಒಮ್ಮೆ ಓದಬೇಕು.

ಮಾಸ್ತಿಯವರು ಮೈಸೂರು ಸಂಸ್ಥಾನದ ಉನ್ನತ ಅಧಿಕಾರಿಗಳಾಗಿದ್ದರು. ತಮಗಿಂತ ಕಿರಿಯರಿಗೆ ಮಂತ್ರಿಪದವಿ ದೊರೆತಾಗ 1943ರಲ್ಲಿ ರಾಜೀನಾಮೆಯಿತ್ತು ಹೊರಬಂದರು. ಅವರ ಮೊದಲ ಕಥಾಸಂಗ್ರಹ 1920ರಲ್ಲಿಯೇ ಪ್ರಕಟವಾಗಿತ್ತು. ಆದುದರಿಂದ ನಿವೃತ್ತಿಯೇ ಅವರನ್ನು ಲೇಖಕರನ್ನಾಗಿ ಮಾಡಿತೆನ್ನಲಾಗದು. ಆದರೆ ಒಂದು ರಾಜ್ಯದ ಪತನವನ್ನು ಇಡಿಯಾಗಿ ಹಿಡಿದ ಈ ಕೃತಿ ಬಂದದ್ದು 1956ರಲ್ಲಿ.

1834ರಲ್ಲಿ ಆಂಗ್ಲರ ವಶವಾದ ಕೊಡಗಿನ ಕಡೆಯ ಅರಸನ ಕಥೆಯಿದು. ಅರಸನು ದುರ್ವ್ಯಸನಿ, ಕ್ರೂರಿ. ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯರ ಸಂಕಟವೇ ಕೃತಿಯ ಜೀವಾಳ. ದೊರೆಯನ್ನು ಉಳಿಸಿದರೆ ಪ್ರಜೆಗಳಿಗೆ ದ್ರೋಹ. ಕೈಬಿಟ್ಟರೆ ಉಂಡ ಅನ್ನಕ್ಕೆ ದ್ರೋಹ. ಈ ಇಕ್ಕಟ್ಟನ್ನು ಇಷ್ಟು ಸೂಕ್ಷ್ಮವಾಗಿ ಅರಿಯಲು ಅರಸೊತ್ತಿಗೆಯ ಸೇವೆಯಲ್ಲಿ ನುರಿತ ಕಣ್ಣು ಬೇಕು. ಅದನ್ನು ನಿರ್ಭೀತಿಯಿಂದ ನುಡಿಯಲು ಆ ಸೇವೆಯಿಂದ ಬಿಡುಗಡೆಯೂ ಬೇಕು. ಮಾಸ್ತಿಯವರಿಗೆ ಎರಡೂ ಒದಗಿದ್ದವು. ಪದವಿ ತಪ್ಪಿದವರ ಕಹಿ ಮಾತ್ರ ಕೃತಿಯಲ್ಲೆಲ್ಲಿಯೂ ಕಾಣದು. ಸ್ವಂತದ ನೋವು ರಾಜಧರ್ಮದ ಜಿಜ್ಞಾಸೆಯಾಗಿ ಮಾಗಿದೆ.

ಹಾಲೇರಿ ವಂಶದವರು ಲಿಂಗವಂತರು. ನಮ್ಮ ಅರಸನನ್ನು ಹೀಗೆ ಚಿತ್ರಿಸಬಹುದೇ ಎಂದು ಕೆಲವರು ನೊಂದುಕೊಳ್ಳಬಹುದು. ಕುಲವನ್ನು ನೋಡದೆ ನಡೆಯನ್ನು ನೋಡಿರೆಂದವರು ಶರಣರು. ಅವರ ಅನುಯಾಯಿಗಳಿಗೆ ಈ ಮುನಿಸು ಸಲ್ಲದು. ಅದೇ ಅರಮನೆಯ ರಾಣಿ ಗೌರಮ್ಮನ ಸಹನೆ, ಘನತೆಗಳನ್ನು ಲೇಖಕರು ಎಷ್ಟು ಗೌರವದಿಂದ ಕಂಡಿದ್ದಾರೆಂಬುದನ್ನೂ ಗಮನಿಸಬೇಕು.

ಕೊರತೆಯಿಲ್ಲವೆಂದಲ್ಲ. ಸಮಾಲೋಚನೆಗಳು ಕೆಲವೆಡೆ ದೀರ್ಘವಾಗಿ, ಆಡಳಿತಗಾರನ ವರದಿಯಂತೆ ಸಾಗುತ್ತವೆ. ರಾಣಿಯ ಸಹನೆ ಕಾಣುತ್ತದೆ. ಅದಕ್ಕೆ ಆಧಾರವಾಗಬಲ್ಲ ಲಿಂಗನಿಷ್ಠೆಯ ಒಳಬಾಳು ಅಷ್ಟಾಗಿ ತೆರೆದುಕೊಳ್ಳುವುದಿಲ್ಲ. ಆದರೂ ತೀರ್ಪು ಕೊಡುವ ಅವಸರವಿಲ್ಲದ, ಎಲ್ಲರ ಅಹವಾಲನ್ನೂ ಆಲಿಸುವ ಸಮಾಧಾನ ಆ ಆಡಳಿತಗಾರನಿಂದಲೇ ಬಂದುದು. 1983ರ ಜ್ಞಾನಪೀಠ ಪ್ರಶಸ್ತಿಗಿಂತಲೂ ಇದು ದೊಡ್ಡ ಗಳಿಕೆ.

ವಾಚಕರೇ, ಹುದ್ದೆ ಮುಗಿದೀತು, ಕಾಯಕ ಮುಗಿಯದು. ಬರೆಯಹೊರಟ ನಿವೃತ್ತರು ಕಳೆದ ಬದುಕನ್ನು ಒರೆಸಿಹಾಕಿ, ಎರವಲು ಕವಿಭಾಷೆಯನ್ನು ಹುಡುಕಬೇಕಾಗಿಲ್ಲ. ಕುರ್ಚಿಯಲ್ಲಿ ಕುಳಿತಾಗ ಕಂಡೂ ಹೇಳಲಾಗದೆ ಉಳಿದ ಸತ್ಯ ಯಾವುದೆಂದು ತಮ್ಮನ್ನು ತಾವು ಕೇಳಿಕೊಳ್ಳಲಿ. ಅದನ್ನು ದ್ವೇಷವಿಲ್ಲದೆ ಹೇಳಬಲ್ಲವರಾದರೆ, ಅದೇ ಅವರ ಸ್ವಂತ ನುಡಿ.