ಬೆಂಗಳೂರು ಟೂರು: ಎಂಟು ಸ್ಪಾಟು, ಒಂದೇ ಹಗಲು

ರಾಜ್ಯೋತ್ಸವದ ಬಾವುಟ ಮಡಿಸಿ ಬೀರುವಿಗೆ ಸೇರಿಸುವ ಹೊತ್ತಿಗೆ ಹಳೇ ಮೈಸೂರು ಸೀಮೆಯ ಪ್ರೌಢಶಾಲೆಗಳಲ್ಲಿ ಟೂರಿನ ಮಾತು ಶುರುವಾಗಿರುತ್ತದೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮೇಷ್ಟ್ರು ಪಟ್ಟಿ ಓದುತ್ತಾರೆ: ವಿಧಾನಸೌಧ, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ಲಾಲ್‌ಬಾಗ್, ಇಸ್ಕಾನ್, ಬನ್ನೇರುಘಟ್ಟ, ಸಮಯ ಸಿಕ್ಕರೆ ಒಂದು ಮಾಲು. ಬೆಳಗಿನ ಜಾವ ಐದಕ್ಕೆ ಬಸ್ಸು, ರಾತ್ರಿ ಹತ್ತಕ್ಕೆ ವಾಪಸು. ಪ್ರತಿ ಹೆಸರಿಗೂ ಮಕ್ಕಳು ಹೋ ಎನ್ನುತ್ತಾರೆ. ಮಾಲಿಗೆ ಮಾತ್ರ ಎರಡು ಸಲ.

ಪಟ್ಟಿಯನ್ನು ಸಿದ್ಧಪಡಿಸಿದ್ದು ಯಾರೆಂದು ಕೇಳಬೇಕಾಗಿಲ್ಲ. ಇಸ್ಕಾನ್ ಇರುವುದು ರಾಜಾಜಿನಗರದ ಗುಡ್ಡದ ಮೇಲೆ, ಬನ್ನೇರುಘಟ್ಟ ಇರುವುದು ಊರಾಚೆ ದಕ್ಷಿಣಕ್ಕೆ. ಎರಡರ ನಡುವೆ ಇಡೀ ಬೆಂಗಳೂರಿನ ಟ್ರಾಫಿಕ್ಕು. ಎರಡನ್ನೂ ಒಂದೇ ಹಗಲಿಗೆ ಹೊಲಿಯುವ ಧೈರ್ಯ ಇರುವುದು ಬಸ್ಸಿನ ಡ್ರೈವರಿಗೆ ಮಾತ್ರ. ಎಲ್ಲಿ ಪಾರ್ಕಿಂಗ್ ಸಿಗುತ್ತದೆ, ಎಲ್ಲಿ ಬಾತಿನ ಪಾತ್ರೆ ಇಳಿಸಿ ಊಟ ಬಡಿಸಬಹುದು, ಎಲ್ಲಿ ಶೌಚಾಲಯ ಪರವಾಗಿಲ್ಲ ಎಂಬುದು ಅವನಿಗೆ ಗೊತ್ತು. ಈ ತಿಳಿವಳಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಐವತ್ತು ಮಕ್ಕಳನ್ನು ಕಟ್ಟಿಕೊಂಡು ಹೊರಟ ಮೂವರು ಮೇಷ್ಟ್ರುಗಳಿಗೆ ಶೌಚಾಲಯದ ವಿಳಾಸಕ್ಕಿಂತ ದೊಡ್ಡ ಜ್ಞಾನ ಇನ್ನೊಂದಿಲ್ಲ. ತಕರಾರು ಇರುವುದು ಬೇರೆ ಕಡೆ. ದಿನದ ಆಕಾರವನ್ನು ಪಾಠ ತೀರ್ಮಾನಿಸದೆ ಪಾರ್ಕಿಂಗ್ ತೀರ್ಮಾನಿಸಿದ ಮೇಲೆ ಅದಕ್ಕೆ ‘ಶೈಕ್ಷಣಿಕ’ ಎಂಬ ವಿಶೇಷಣ ಯಾಕೆ? ಬಿಇಒ ಕಚೇರಿಯ ಅನುಮತಿ ಪತ್ರಕ್ಕೆ ಬೇಕು, ಅಷ್ಟೇ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಮ್ಮಿನಲ್ಲಿ ಡಿಸೆಂಬರಿನ ಯಾವುದಾದರೂ ಒಂದು ದಿನ ನಿಂತು ನೋಡಿದರೆ ಈ ಪದ್ಧತಿಯ ಗುಣದೋಷ ಎರಡೂ ಕಾಣುತ್ತವೆ. ನೆಹರೂ 1962ರ ಜುಲೈನಲ್ಲಿ ಉದ್ಘಾಟಿಸಿದ ಕಟ್ಟಡ ಇದು. ಯಾರ ಹೆಸರಿಟ್ಟರೋ ಆ ನೂರು ದಾಟಿದ ಎಂಜಿನಿಯರು ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಜನರಿಗೆ ಬಾಗಿಲು ತೆರೆದದ್ದು 1965ರಲ್ಲಿ, ವಿದ್ಯುತ್ತಿನ ಗ್ಯಾಲರಿಯೊಂದಿಗೆ. ಇಂದು ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಕತ್ತು ಆಡಿಸಿ ಗುಡುಗುವ ಡೈನೋಸಾರ್. ಮಕ್ಕಳ ಸಾಲು ಅಲ್ಲೇ ಒಡೆಯುತ್ತದೆ. ಅಲ್ಲಿಂದ ಎಂಜಿನ್ ಹಾಲು, ರೈಟ್ ಸಹೋದರರ 1903ರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ, ಗುಂಡಿ ಒತ್ತಿದರೆ ತಿರುಗುವ, ಉರುಳುವ, ಹೊತ್ತಿಕೊಳ್ಳುವ ನೂರೆಂಟು ಮಾದರಿಗಳು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಗುಂಡಿ ಒತ್ತುತ್ತಾನೆ. ಏನಾಗುತ್ತದೆ ಎಂದು ಕಾಣುವಷ್ಟರಲ್ಲಿ ಹಿಂದಿನವನು ಅವನನ್ನು ಮುಂದಕ್ಕೆ ತಳ್ಳಿರುತ್ತಾನೆ. ಮೂರನೆಯವನು ಗುಂಡಿ ಒತ್ತಿ ಮುಂದಿನ ಗುಂಡಿಯತ್ತ ಓಡುತ್ತಾನೆ, ಫಲಿತಾಂಶಕ್ಕೆ ಕಾಯುವುದೇ ಇಲ್ಲ. ಬಾಗಿಲಲ್ಲಿ ಪೀಟಿ ಮೇಷ್ಟ್ರ ಸೀಟಿ ಕೇಳುತ್ತದೆ. ಅರ್ಧ ದಿನ ಬೇಡುವ ಜಾಗಕ್ಕೆ ಸಿಕ್ಕಿದ್ದು ಮುಕ್ಕಾಲು ಗಂಟೆ.

ತಾರಾಲಯದ ಕಥೆ ಇನ್ನೊಂದು ಬಗೆ. 1989ರಲ್ಲಿ ಶುರುವಾದ ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನ, ಇಂಗ್ಲಿಷಿನ ಪ್ರದರ್ಶನ ಎರಡೂ ಇವೆ, ಬೇರೆ ಬೇರೆ ಹೊತ್ತಿಗೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸು ಕನ್ನಡದ ಆಟ ತಪ್ಪಿಸಿಕೊಂಡರೆ ಹಳ್ಳಿ ಶಾಲೆಯ ಮಕ್ಕಳು ಇಂಗ್ಲಿಷ್ ವಿವರಣೆ ಕೇಳುತ್ತಾ ಕತ್ತಲಲ್ಲಿ ಕೂರಬೇಕು. ಬೆಳಗಿನ ಜಾವಕ್ಕೇ ಎದ್ದ ಮಕ್ಕಳು, ತಂಪು ಗಾಳಿ, ಮೆತ್ತನೆ ಕುರ್ಚಿ: ಅರ್ಧಕ್ಕರ್ಧ ಜನ ನಿದ್ದೆಹೋಗುತ್ತಾರೆ. ಸೋಮವಾರ ಬಂದರೆ ಅದೂ ಇಲ್ಲ, ಬಾಗಿಲಿಗೆ ಬೀಗ. ಮಂಗಳವಾರ ಬನ್ನೇರುಘಟ್ಟಕ್ಕೆ ರಜೆ. ಕ್ಯಾಲೆಂಡರು ನೋಡದೆ ಹೊರಟು ಗೇಟಿನ ಮುಂದೆ ಗ್ರೂಪ್ ಫೋಟೋ ಹೊಡೆಸಿಕೊಂಡು ತಿರುಗಿದ ಶಾಲೆಗಳಿಗೆ ಕೊರತೆಯಿಲ್ಲ.

ಗೇಟಿನ ಫೋಟೋಗೆ ಹೆಸರಾದದ್ದು ವಿಧಾನಸೌಧ. ಕೆಂಗಲ್ ಹನುಮಂತಯ್ಯ ಹಟ ಹಿಡಿದು ಕಟ್ಟಿಸಿದ, 1956ರಲ್ಲಿ ಮುಗಿದ ಈ ಕಟ್ಟಡವನ್ನು ತಲೆಮಾರುಗಳ ಮಕ್ಕಳು ರಸ್ತೆಯ ಇನ್ನೊಂದು ಬದಿಯಿಂದಲೇ ನೋಡಿ ಬಂದರು. 2025ರಲ್ಲಿ ಮಾರ್ಗದರ್ಶಿಗಳ ಜತೆ ಒಳಗೆ ಸುತ್ತಾಡಿಸುವ ವ್ಯವಸ್ಥೆ ಬಂತು. ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ. ಸಮಾಜ ವಿಜ್ಞಾನದ ಮೇಷ್ಟ್ರು ಇದನ್ನು ಗಮನಿಸಿ ತಾರೀಕು ಗೊತ್ತುಮಾಡಿದರೆ ಪೌರನೀತಿಯ ಒಂದು ಅಧ್ಯಾಯಕ್ಕೆ ಗೋಡೆ, ಮೆಟ್ಟಿಲು, ಕಂಬ ಬಂದಂತೆ. ಕಲಾಪವನ್ನೇ ತೋರಿಸುವ ಆಸೆ ಇದ್ದರೆ ಮಾತ್ರ ಕಷ್ಟ. ಶಾಲೆಗಳು ಬೆಂಗಳೂರಿಗೆ ಮುಗಿಬೀಳುವ ಡಿಸೆಂಬರಿನಲ್ಲಿ ಶಾಸಕರು ಚಳಿಗಾಲದ ಅಧಿವೇಶನಕ್ಕೆಂದು ಬೆಳಗಾವಿಯಲ್ಲಿರುತ್ತಾರೆ!

ಇಷ್ಟೆಲ್ಲ ಹೇಳಿದರೂ ಟೂರು ಬೇಡ ಎನ್ನುವ ಪಂಡಿತರ ಗುಂಪಿಗೆ ಸೇರುವುದು ತಪ್ಪಾದೀತು. ಕಿಟಕಿ ಸೀಟಿನ ಜಗಳ, ಅಂತ್ಯಾಕ್ಷರಿ, ರಾಮನಗರ ದಾಟುವ ಮೊದಲೇ ಖಾಲಿಯಾದ ಚಕ್ಕುಲಿ ಡಬ್ಬಿ, ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಬಸ್ಸಿನಲ್ಲಿ ಮೈಕು ಹಿಡಿದು ಹಾಡಿದ್ದು: ಇವಕ್ಕೆಲ್ಲ ಕಲಿಕೆಯ ಲೆಕ್ಕ ಕೇಳಬಾರದು. ತೆಪ್ಪಗೆ ಕೂತ ಮಕ್ಕಳ ಬಸ್ಸು ಟೂರಿನ ಬಸ್ಸೇ ಅಲ್ಲ. ಖಾಸಗಿ ಶಾಲೆಗಳಿಗೆ ‘ಕಲಿಕಾ ಪ್ಯಾಕೇಜು’ ಮಾರುವ ಏಜೆನ್ಸಿಗಳು ಪ್ರತಿ ನಿಮಿಷಕ್ಕೂ ಒಂದು ವರ್ಕ್‌ಶೀಟ್ ಹಂಚಿ ಈ ಗಲಾಟೆಯನ್ನೂ ಕಿತ್ತುಕೊಳ್ಳುತ್ತವೆ. ಅದು ಇನ್ನೊಂದು ಅತಿ.

ಹಾಗಾದರೆ ಒಳ್ಳೆಯ ಯೋಜನೆ ಹೇಗಿರುತ್ತದೆ? ಮಂಡ್ಯ ಜಿಲ್ಲೆಯ ಒಂದು ಶಾಲೆಯನ್ನು ಮನಸ್ಸಿನಲ್ಲಿಟ್ಟು ನೋಡಬಹುದು. ಬೆಂಗಳೂರನ್ನು ಆ ಮಕ್ಕಳು ಸಿನಿಮಾದಲ್ಲಿ ಕಂಡ ಬೇರೆ ಲೋಕವೆಂದು ತಿಳಿದಿರುತ್ತಾರೆ. ಆದರೆ ಆ ಊರಿನ ದೀಪ, ನೀರು ಎರಡೂ ಹೊರಟದ್ದು ಇವರ ಸೀಮೆಯಿಂದ. ಮಳವಳ್ಳಿಗೆ ಹತ್ತಿರದ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷದ ಮೇಲೆ, 1905ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂತು. ಇಂದು ಬೆಂಗಳೂರಿಗರು ಕುಡಿಯುವ ಕಾವೇರಿ ಹೊರಡುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಏರಿಸುತ್ತಾರೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೆಯದು.

ಇದನ್ನು ಶಾಲೆಯಲ್ಲೇ ಒಂದು ವಾರ ಮುಂಚೆ ಹೇಳಿ, ತೊರೆಕಾಡನಹಳ್ಳಿಯ ಹತ್ತಿರದ ಹಳ್ಳಿಗಳಲ್ಲಿ ನಲ್ಲಿ ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ ಎಂದು ಮಕ್ಕಳಿಂದಲೇ ವಿಚಾರಿಸಿ ತರಿಸಿದರೆ, ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಬೇರೆಯೇ ಪ್ರಶ್ನೆಗಳು ಕೂತಿರುತ್ತವೆ. ಆಗ ಮ್ಯೂಸಿಯಮ್ಮಿನ ವಿದ್ಯುತ್ ಗ್ಯಾಲರಿ ಗುಂಡಿ ಒತ್ತುವ ಜಾಗವಾಗಿ ಉಳಿಯುವುದಿಲ್ಲ. ನೀರಿನ ಕೂಲರಿನ ಮುಂದೆ ಬಾಟಲಿ ತುಂಬಿಸಿಕೊಳ್ಳುವಾಗ ‘ನಮ್ಮೂರ ನೀರು ಕಣೋ’ ಎಂದು ಒಬ್ಬನಾದರೂ ಹೇಳಿಯಾನು. ಆ ಮಾತಿನಲ್ಲಿ ಹೆಮ್ಮೆಯ ಜತೆ ಸಣ್ಣದೊಂದು ಸಿಟ್ಟೂ ಇದ್ದರೆ ಭೂಗೋಳದ ಮೇಷ್ಟ್ರು ಗೆದ್ದಂತೆ.

ಅದೇ ಮ್ಯೂಸಿಯಮ್ಮಿನ ಮಗ್ಗುಲಲ್ಲಿ ಕೆಂಪು ಬಣ್ಣದ ಸರ್ಕಾರಿ ವಸ್ತು ಸಂಗ್ರಹಾಲಯವಿದೆ. 1865ರಲ್ಲಿ ಹುಟ್ಟಿದ್ದು, ಈಗಿನ ಕಟ್ಟಡ 1877ರದು. ಟೂರಿನ ಪಟ್ಟಿಯಲ್ಲಿ ಇದರ ಹೆಸರು ಬರುವುದೇ ಅಪರೂಪ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಹತ್ತನೇ ಶತಮಾನದ ಶಾಸನಕ್ಕೆ ಇದೇ ಮನೆ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟರು. ಕಲ್ಲಿನ ಮೇಲೆ ಇಂದಿಗೂ ನಾಯಿಯೂ ಹಂದಿಯೂ ಎದುರಾಬದುರು ನಿಂತಿವೆ. ರಾಷ್ಟ್ರಕೂಟರು, ಗಂಗರು ಎಂದರೆ ಪರೀಕ್ಷೆಯ ಇಸವಿ ಎಂದುಕೊಂಡಿದ್ದ ಮದ್ದೂರು ಕಡೆಯ ಮಕ್ಕಳಿಗೆ ತಮ್ಮ ಪಕ್ಕದೂರಿನ ಸಾವಿರ ವರ್ಷದ ನಾಯಿಯೊಂದನ್ನು ತೋರಿಸುವ ಅವಕಾಶ ಇದು. ಈ ಸಂಗ್ರಹಾಲಯ ನವೀಕರಣಕ್ಕೆಂದು ಮುಚ್ಚುವುದೂ ಉಂಟು. ಹೊರಡುವ ಮುಂಚೆ ಒಂದು ಫೋನು ಮಾಡಬೇಕು. ಮುಕ್ಕಾಲು ಪಾಲು ಟೂರುಗಳು ಕೆಡುವುದು ಮಾಡದೆ ಉಳಿದ ಇಂಥ ಫೋನಿನಿಂದಲೇ.

ಜೀವಶಾಸ್ತ್ರದ ಟೀಚರಿಗೆ ಛಲವಿದ್ದರೆ ನಿಮ್ಹಾನ್ಸ್‌ನ ಮೆದುಳಿನ ಮ್ಯೂಸಿಯಂ ಇದೆ. ಗೊತ್ತಾದ ದಿನಗಳಲ್ಲಿ ಹೋದರೆ ವಿವರಿಸುವವರಿರುತ್ತಾರೆ. ಕೈಗವಸು ತೊಟ್ಟು ಮನುಷ್ಯನ ನಿಜವಾದ ಮೆದುಳನ್ನು ಅಂಗೈಯಲ್ಲಿ ಹಿಡಿಯಬಹುದು. ಹೆಲ್ಮೆಟ್ ಕುರಿತ ಎಷ್ಟು ಭಾಷಣ ಮಾಡಿದರೂ ಆ ತೂಕ ಹುಟ್ಟಿಸುವ ಭಯ ಹುಟ್ಟದು.

ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಸಿಗುವ ಮರ್ಯಾದೆ ಬಂಡೆಗೆ ಸಿಗುವುದಿಲ್ಲ. ಕೆಂಪೇಗೌಡ ಗೋಪುರ ಹೊತ್ತ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂವೈಜ್ಞಾನಿಕ ಸ್ಮಾರಕವೆಂದು ಫಲಕವೂ ಇದೆ. ಮಕ್ಕಳು ಅದರ ಮೇಲೆ ಜಾರಿ ಪ್ಯಾಂಟು ಹರಿದುಕೊಳ್ಳುತ್ತಾರೆ, ಮೇಷ್ಟ್ರು ಬೈಯುತ್ತಾರೆ. ದಕ್ಷಿಣ ಕರ್ನಾಟಕದ ಹೊಲದಂಚಿನ ಬಂಡೆಗಳು ಬಹುಪಾಲು ಇದೇ ಜಾತಿಯವು ಎಂಬ ಒಂದು ವಾಕ್ಯವನ್ನು ಆ ಬೈಗುಳದ ಜತೆಗೇ ಸೇರಿಸಬಹುದಿತ್ತು.

ಮೆಟ್ರೋ ಮಾತ್ರ ಯಾರ ಯೋಜನೆಯ ಹಂಗೂ ಇಲ್ಲದೆ ಮಕ್ಕಳನ್ನು ಗೆಲ್ಲುತ್ತದೆ. ಎಸ್ಕಲೇಟರಿನ ಬುಡದಲ್ಲಿ ಒಂದು ಕಾಲು ಮುಂದಿಟ್ಟು, ಹಿಂದೆಗೆದು, ಗೆಳತಿಯ ಜಡೆ ಹಿಡಿದುಕೊಂಡು ಕಣ್ಣು ಮುಚ್ಚಿ ಹತ್ತುವ ಹುಡುಗಿಯರನ್ನು ನೋಡಿದವರಿಗೆ ಟೂರಿನ ನಿಜವಾದ ಸ್ಪಾಟ್ ಯಾವುದೆಂದು ಗೊತ್ತು. ಟೋಕನ್ ತಾಗಿಸಿದರೆ ಬಾಗಿಲು ತೆರೆಯುವುದು, ರೈಲು ನೆಲದೊಳಗೆ ಇಳಿಯುವುದು, ಗೋಡೆಯ ನಕ್ಷೆಯಲ್ಲಿ ತಾವೇ ದಾರಿ ಹುಡುಕುವುದು ಅವರಿಗೆ ಹೊಸ ವಿದ್ಯೆ. ಆದರೂ ಹೆಚ್ಚಿನ ಶಾಲೆಗಳು ಮೆಟ್ರೋವನ್ನು ಒಂದು ನಿಲ್ದಾಣ ಹೋಗಿ ಬರುವ ಆಟದ ರೈಲಿನಂತೆ ಬಳಸುತ್ತವೆ. ನೇರಳೆ ಮಾರ್ಗ 2023ರಿಂದ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ ಬಂದಿದೆ. ಮಂಡ್ಯದ ಬಸ್ಸನ್ನು ಆ ಕಡೆಯೇ ನಿಲ್ಲಿಸಿ, ಆಫೀಸಿನ ನೂಕುನುಗ್ಗಲು ಇಳಿದ ಮೇಲೆ ಹತ್ತಿದರೆ ವಿಧಾನಸೌಧ, ಕಬ್ಬನ್ ಪಾರ್ಕು ಎರಡೂ ಆ ಮಾರ್ಗದ ನಿಲ್ದಾಣಗಳೇ. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಲಾಲ್‌ಬಾಗ್. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಗುಂಪಿಗೊಬ್ಬ ನಾಯಕನನ್ನು ಇಟ್ಟು, ಯಾವ ನಿಲ್ದಾಣದಲ್ಲಿ ಇಳಿಯಬೇಕೆಂದು ಅವರಿಂದಲೇ ಹೇಳಿಸಿದರೆ ಸೀಟಿ ಊದುವ ಕೆಲಸವೂ ಉಳಿಯುತ್ತದೆ. ತಪ್ಪಿ ಮುಂದಿನ ನಿಲ್ದಾಣಕ್ಕೆ ಹೋದ ಮಗು ಅಲ್ಲೇ ಇಳಿದು ನಿಲ್ಲಬೇಕು, ಸಿಬ್ಬಂದಿಗೆ ಹೇಳಬೇಕು ಎಂಬುದನ್ನು ಮಾತ್ರ ಹೊರಡುವ ಮುನ್ನ ಮೂರು ಸಲ ಬಾಯಿಪಾಠ ಮಾಡಿಸಬೇಕು.

ಎಂಟು ಸ್ಪಾಟಿನ ಪಟ್ಟಿ ಪಾಠವನ್ನು ಕೆಡಿಸುವುದಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಹಗಲು ಸಾಲದ ಪಟ್ಟಿ ಬಸ್ಸನ್ನು ರಾತ್ರಿಗೆ ತಳ್ಳುತ್ತದೆ. 2022ರ ಅಕ್ಟೋಬರಿನಲ್ಲಿ ಕೇರಳದ ವಡಕ್ಕಂಚೇರಿಯಲ್ಲಿ ಊಟಿಗೆ ಹೊರಟಿದ್ದ ಶಾಲೆಯ ಬಸ್ಸು ರಾತ್ರಿ ಹೊತ್ತು ಸರ್ಕಾರಿ ಬಸ್ಸಿಗೆ ಗುದ್ದಿ ಒಂಬತ್ತು ಜನ ಸತ್ತರು, ಅವರಲ್ಲಿ ಐವರು ವಿದ್ಯಾರ್ಥಿಗಳು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲು ಕೋಲಾರ ಜಿಲ್ಲೆಯ ವಸತಿಶಾಲೆಯ ನಾಲ್ವರು ಹುಡುಗಿಯರನ್ನು ಎಳೆದುಕೊಂಡಿತು. ಪ್ರತಿ ಸಲವೂ ಸುತ್ತೋಲೆ ಬರುತ್ತದೆ: ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹುಡುಗಿಯರ ಜತೆ ಶಿಕ್ಷಕಿ. ಎಲ್ಲವೂ ಬೇಕಾದದ್ದೇ. ಆದರೆ ಒಂದು ದಿನಕ್ಕೆ ಎಷ್ಟು ಜಾಗ ಎಂಬ ಪ್ರಶ್ನೆ ಅನುಮತಿ ಅರ್ಜಿಯ ಮೊದಲ ಸಾಲಿನಲ್ಲಿ ಬರಬೇಕಿತ್ತು. ಎರಡು ಜಾಗ, ಬಹಳವೆಂದರೆ ಮೂರು; ಕತ್ತಲಾಗುವ ಮೊದಲು ಬಸ್ಸು ಊರ ಕಡೆ ತಿರುಗಿರಬೇಕು. ಇಷ್ಟಕ್ಕೆ ಒಪ್ಪದ ಪಟ್ಟಿಗೆ ಬಿಇಒ ಸಾಹೇಬರು ರುಜು ಹಾಕಬಾರದು.

ದುಡ್ಡಿನ ಮಾತು ಇದಕ್ಕೆ ಅಂಟಿಕೊಂಡೇ ಇದೆ. ಜಾಗ ಕಡಿಮೆಯಾದರೆ ಟಿಕೆಟ್ಟು, ಡೀಸೆಲ್ಲು ಎರಡೂ ಕಡಿಮೆ. ಸರ್ಕಾರಿ ಶಾಲೆಯ ಎಂಟನೇ ತರಗತಿಯವರಿಗೆ ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆ ಇದೆಯಾದರೂ ಉಳಿದ ತರಗತಿಗಳ ಟೂರು ನಡೆಯುವುದು ಮನೆಯ ದುಡ್ಡಿನಲ್ಲಿ. ಕೂಲಿ ಮಾಡುವ ಮನೆಯಲ್ಲಿ ಇಬ್ಬರು ಮಕ್ಕಳು ಒಂದೇ ಶಾಲೆಯಲ್ಲಿದ್ದರೆ ಒಬ್ಬರು ಉಳಿಯುತ್ತಾರೆ, ಸಾಮಾನ್ಯವಾಗಿ ಹುಡುಗಿ. ಟೂರಿನ ದಿನ ಅವಳ ಪಾಲಿಗೆ ಪಾಠವೂ ಇಲ್ಲ, ಮೇಷ್ಟ್ರೂ ಇಲ್ಲ. ಮರುದಿನ ‘ನಾನು ಕೈಗೊಂಡ ಪ್ರವಾಸ’ ಎಂಬ ಪ್ರಬಂಧ ಅವಳೂ ಬರೆಯಬೇಕು. ಅವಳು ಬರೆದದ್ದೂ ಹೋದವರು ಬರೆದದ್ದೂ ಒಂದೇ ತರಹ ಇರುತ್ತದೆ, ಯಾಕೆಂದರೆ ಎಲ್ಲರೂ ಬೋರ್ಡಿನ ಮೇಲಿಂದ ಇಳಿಸಿಕೊಂಡದ್ದು: ‘ಬೆಳಿಗ್ಗೆ ಐದು ಗಂಟೆಗೆ ನಮ್ಮ ಬಸ್ಸು ಹೊರಟಿತು…’

ಒಳ್ಳೆಯ ಟೂರುಗಳೂ ನಡೆಯುತ್ತವೆ. ಅವನ್ನು ವಿಚಾರಿಸಿ ನೋಡಿದರೆ ಬಹುಪಾಲು ಒಬ್ಬ ಮೇಷ್ಟ್ರು ಅಥವಾ ಮೇಡಂ ಒಂದು ಭಾನುವಾರ ಮುಂಚಿತವಾಗಿ ತಾವೇ ಬೆಂಗಳೂರಿಗೆ ಹೋಗಿ, ಮ್ಯೂಸಿಯಮ್ಮಿನ ಬಾಗಿಲು ಎಷ್ಟಕ್ಕೆ ತೆರೆಯುತ್ತದೆ, ಕನ್ನಡದ ಆಟ ಎಷ್ಟಕ್ಕೆ, ಕಬ್ಬನ್ ಪಾರ್ಕಿನಲ್ಲಿ ಐವತ್ತು ಜನ ನೆರಳಿನಲ್ಲಿ ಕೂತು ಉಣ್ಣುವ ಜಾಗ ಯಾವುದು ಎಂದು ನೋಡಿಕೊಂಡು ಬಂದಿರುತ್ತಾರೆ. ಆ ಭಾನುವಾರದ ಬಸ್ ಚಾರ್ಜನ್ನು ಟೂರಿನ ಲೆಕ್ಕಕ್ಕೆ ಬರೆಯುವ ಶಾಲೆಗಳು ಕಡಿಮೆ.