ಖಾಲಿ ಕುರ್ಚಿಯ ಮುಂದೆ ಸ್ಮೈಲಿ

ಟಾಮಸ್ ಆಲ್‌ಫ್ರೆಡ್‌ಸನ್ ನಿರ್ದೇಶಿಸಿದ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ' 2011ರಲ್ಲಿ ತೆರೆಕಂಡಾಗ ಜಾನ್ ಲ ಕಾರೆ ಅವರ ಓದುಗರು ಎರಡು ಪಾಳಯವಾದರು. ತಮ್ಮ ಪ್ರೀತಿಯ ಕಾದಂಬರಿಯ ಕೈಕಾಲು ಕತ್ತರಿಸಿ ಎರಡು ಗಂಟೆಯ ಪೆಟ್ಟಿಗೆಗೆ ತುರುಕಿದ್ದಾರೆ ಎಂದರು ಕೆಲವರು. ಕಾದಂಬರಿಯ ಬೂದು ಬಣ್ಣ, ದಣಿವು, ಒಂಟಿತನ ತೆರೆಯ ಮೇಲೆ ಇಷ್ಟು ನಿಖರವಾಗಿ ಹಿಂದೆಂದೂ ಬಂದಿರಲಿಲ್ಲ ಎಂದರು ಉಳಿದವರು. ಈ ಜಗಳ ಒಂದೇ ಚಿತ್ರದ್ದಲ್ಲ. 1965ರಿಂದ ಇಂದಿನವರೆಗೂ ಲ ಕಾರೆ ಕಾದಂಬರಿಗಳು ಸಿನಿಮಾ ಆಗುತ್ತ ಬಂದ ಪರಂಪರೆಯ ಉದ್ದಕ್ಕೂ ಇದೇ ತಕರಾರು ಇದೆ.

ಇದರ ಮೂಲ ಕಾದಂಬರಿಗಳ ಸ್ವಭಾವದಲ್ಲೇ ಇದೆ. ಡೇವಿಡ್ ಕಾರ್ನ್‌ವೆಲ್ ಎಂಬ ಅಸಲಿ ಹೆಸರಿನ ಲ ಕಾರೆ (1931-2020) ಬ್ರಿಟಿಷ್ ಗುಪ್ತಚರ ಇಲಾಖೆಯಲ್ಲಿ ಕೆಲಸ ಮಾಡಿ ಬಂದವರು. ಅವರ ಬೇಹುಗಾರರು ಬಂದೂಕು ಹಿಡಿಯುವುದು ಅಪರೂಪ. ಅವರು ಹಳೆಯ ಕಡತ ಓದುತ್ತಾರೆ, ನಿವೃತ್ತರ ಮನೆಗೆ ಹೋಗಿ ನೆನಪು ಕೆದಕುತ್ತಾರೆ. 1974ರ 'ಟಿಂಕರ್ ಟೈಲರ್' ಕಾದಂಬರಿಯಲ್ಲಿ ಕೆಲಸ ಕಳೆದುಕೊಂಡ ಜಾರ್ಜ್ ಸ್ಮೈಲಿ, 'ಸರ್ಕಸ್' ಎಂದು ಕರೆಯಲಾಗುವ ಗುಪ್ತಚರ ಕಚೇರಿಯ ತುತ್ತತುದಿಯಲ್ಲಿ ಕುಳಿತ ರಷ್ಯಾದ ಗೂಢಚಾರನನ್ನು ಹುಡುಕುತ್ತಾನೆ. ಹುಡುಕಾಟವೆಲ್ಲ ನಡೆಯುವುದು ತಲೆಯೊಳಗೆ. ಅದನ್ನು ಕ್ಯಾಮೆರಾ ಹೇಗೆ ತೋರಿಸಬೇಕು?

ಬಿಬಿಸಿ 1979ರಲ್ಲಿ ಇದನ್ನು ಏಳು ಕಂತುಗಳ ಧಾರಾವಾಹಿ ಮಾಡಿತು. ಸ್ಮೈಲಿಯಾಗಿ ಅಲೆಕ್ ಗಿನ್ನೆಸ್. ಮೊದಲ ದೃಶ್ಯದಲ್ಲೇ ಸರ್ಕಸ್‌ನ ನಾಲ್ವರು ಹಿರಿಯರು ಒಬ್ಬೊಬ್ಬರಾಗಿ ಸಭೆಯ ಕೋಣೆಗೆ ಬರುತ್ತಾರೆ. ಬಿಲ್ ಹೇಡನ್ ಚಹದ ಕಪ್ಪಿನ ಮೇಲೆ ಸಾಸರ್ ಮುಚ್ಚಿಕೊಂಡು ಬರುತ್ತಾನೆ. ಯಾರೂ ಇನ್ನೂ ಮಾತಾಡಿಲ್ಲ, ಆದರೂ ನಾಲ್ವರ ಸ್ವಭಾವ ನಮಗೆ ಗೊತ್ತಾಗಿರುತ್ತದೆ. ಇಂಥದ್ದಕ್ಕೆ ಸಮಯ ಬೇಕು, ಧಾರಾವಾಹಿಗೆ ಅದಿತ್ತು. ಗಿನ್ನೆಸ್ ಅಭಿನಯ ಎಷ್ಟು ಗಾಢವಾಗಿತ್ತೆಂದರೆ, ತಮ್ಮ ಸ್ಮೈಲಿಯನ್ನು ಆತ ತಮ್ಮಿಂದ ತೆಗೆದುಕೊಂಡುಬಿಟ್ಟ ಎಂಬ ಅರ್ಥದ ಮಾತನ್ನು ಲ ಕಾರೆ ಅವರೇ ಆಡಿದ್ದಾರೆ. ಮೂವತ್ತೆರಡು ವರ್ಷಗಳ ನಂತರ ಸ್ಮೈಲಿಯಾಗಿ ಬಂದ ಗ್ಯಾರಿ ಓಲ್ಡ್‌ಮನ್ ಪುಸ್ತಕದ ಜೊತೆಗೆ ಈ ನೆನಪಿನ ಜೊತೆಗೂ ಸೆಣಸಬೇಕಾಯಿತು.

ಅಭಿಮಾನಿಗಳ ದೂರುಗಳಲ್ಲಿ ಕೆಲವಕ್ಕೆ ಹೆಚ್ಚು ತೂಕವಿಲ್ಲ. ಸರ್ಕಸ್‌ನ ಬೇಹುಗಾರ ಜಿಮ್ ಪ್ರೀಡೋ ಗುಂಡೇಟು ತಿನ್ನುವ ಸ್ಥಳ ಚೆಕೊಸ್ಲೊವಾಕಿಯಾದ ಕಾಡಿನಿಂದ ಬುಡಾಪೆಸ್ಟ್‌ನ ಕೆಫೆಗೆ ಬಂತು, ಇನ್ನೊಬ್ಬ ಬೇಹುಗಾರ ರಿಕಿ ಟಾರ್‌ನ ಹಾಂಗ್‌ಕಾಂಗ್ ಇಸ್ತಾಂಬುಲ್ ಆಯಿತು. ಇದರಿಂದ ಕತೆಯ ಜೀವಕ್ಕೇನೂ ಕುತ್ತು ಬರಲಿಲ್ಲ. ಸ್ಮೈಲಿಯ ಸಹಾಯಕ ಪೀಟರ್ ಗಿಲಮ್‌ನನ್ನು ಸಲಿಂಗಿಯಾಗಿ ಬದಲಿಸಿದ್ದಕ್ಕೆ ಹಲವರು ಸಿಟ್ಟಾದರು. ನನಗೆ ಈ ಬದಲಾವಣೆ ಸರಿಯೆನಿಸುತ್ತದೆ. ಅಪಾಯ ಹತ್ತಿರ ಬರುತ್ತಿದ್ದಂತೆ ಅವನು ಸಂಗಾತಿಯನ್ನು ಮನೆಯಿಂದ ಕಳಿಸಿ ಒಬ್ಬನೇ ಕುಳಿತು ಅಳುತ್ತಾನೆ. ಈ ಕೆಲಸ ಮನುಷ್ಯನಿಂದ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದು ಆ ಒಂದು ನಿಮಿಷದಲ್ಲಿ ಮನಸ್ಸಿಗೆ ನಾಟುತ್ತದೆ.

ಅಭಿಮಾನಿಗಳ ಇನ್ನೊಂದು ದೂರು ಮಾತ್ರ ನಿಜ. ಸಂಶಯಿತರಾದ ಆಲೆಲೈನ್, ಬ್ಲ್ಯಾಂಡ್, ಎಸ್ಟರ್‌ಹೇಸ್ ಚಿತ್ರದಲ್ಲಿ ಮುಖಗಳಷ್ಟೇ. ಕಿಯರನ್ ಹೈಂಡ್ಸ್‌ನಂಥ ನಟನಿಗೆ ಬ್ಲ್ಯಾಂಡ್ ಪಾತ್ರ ಕೊಟ್ಟು, ಆಡಲು ನಾಲ್ಕು ಮಾತನ್ನೂ ಕೊಟ್ಟಿಲ್ಲ. ಹೇಡನ್ ಆಗಿ ಕಾಲಿನ್ ಫರ್ತ್‌ಗೂ ಜಾಗ ಸಾಲದು. ಪುಸ್ತಕದಲ್ಲಿ ಹೇಡನ್ ಒಂದು ತಲೆಮಾರಿನ ಕಣ್ಮಣಿ. ಅವನೇ ದ್ರೋಹಿ ಎಂದಾಗ ಒಂದು ವರ್ಗದ ಆತ್ಮವಿಶ್ವಾಸವೇ ಕುಸಿಯುತ್ತದೆ. ಈ ಪಾತ್ರದ ಹಿಂದೆ ಕಿಮ್ ಫಿಲ್ಬಿಯ ನೆರಳಿದೆ. ಬ್ರಿಟಿಷ್ ಗುಪ್ತಚರ ಇಲಾಖೆಯೊಳಗಿದ್ದು ರಷ್ಯಾಕ್ಕೆ ದುಡಿದು 1963ರಲ್ಲಿ ಬೇರೂತ್‌ನಿಂದ ಮಾಸ್ಕೋಗೆ ಓಡಿಹೋದ ಫಿಲ್ಬಿ ಹುಟ್ಟಿದ್ದು ನಮ್ಮ ಅಂಬಾಲಾದಲ್ಲಿ, 1912ರಲ್ಲಿ. ಕಿಮ್ ಎಂಬ ಅಡ್ಡಹೆಸರು ಬಂದದ್ದು ಕಿಪ್ಲಿಂಗ್ ಕಾದಂಬರಿಯ ಹುಡುಗನಿಂದ. ಸಾಮ್ರಾಜ್ಯ ಆಳಲೆಂದು ಬೆಳೆಸಿದ ಹುಡುಗರಿಗೆ ಆಳಲು ಸಾಮ್ರಾಜ್ಯವೇ ಉಳಿಯದಾದಾಗ ಹುಟ್ಟಿದ ಕಹಿ ಕಾದಂಬರಿಯ ತುಂಬ ಹರಡಿದೆ. ಚಿತ್ರದಲ್ಲಿ ಅದು ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ. ದ್ರೋಹಿ ಯಾರೆಂದು ತಿಳಿದಾಗ ನೋಡುಗನಿಗೆ ನೋವಾಗದಿದ್ದರೆ ತಪ್ಪು ಚಿತ್ರದ್ದೇ.

ಇಷ್ಟಾದರೂ ನಾನು ಈ ಚಿತ್ರದ ಪರ ನಿಲ್ಲುವುದು ದೆಹಲಿಯ ಪ್ರಸಂಗದಿಂದಾಗಿ. 1950ರ ದಶಕದಲ್ಲಿ ದೆಹಲಿಯ ಜೈಲೊಂದರಲ್ಲಿ ಸ್ಮೈಲಿ, ಮುಂದೆ ರಷ್ಯಾದ ಗೂಢಚಾರರ ಗುರುವಾಗುವ ಕಾರ್ಲಾನನ್ನು ಭೇಟಿಯಾಗಿರುತ್ತಾನೆ. ನಮ್ಮ ಕಡೆಗೆ ಬಾ ಎಂದು ಅಂಗಲಾಚುತ್ತಾನೆ. ಕಾರ್ಲಾ ತುಟಿ ಬಿಚ್ಚುವುದಿಲ್ಲ. ಮಾತಿನ ಭರದಲ್ಲಿ ಸ್ಮೈಲಿ ತನ್ನ ಹೆಂಡತಿ ಆ್ಯನ್ ಮೇಲಿನ ಮೋಹದ ಗುಟ್ಟನ್ನು ಬಿಟ್ಟುಕೊಡುತ್ತಾನೆ; ಅವಳು ಉಡುಗೊರೆ ಕೊಟ್ಟ ಲೈಟರನ್ನು ಕಾರ್ಲಾ ತನ್ನೊಂದಿಗೇ ಒಯ್ಯುತ್ತಾನೆ. ವರ್ಷಗಳ ನಂತರ ಹೇಡನ್ ಆ್ಯನ್‌ಳ ಪ್ರಿಯಕರನಾಗುವುದು ಕಾರ್ಲಾನ ಅಪ್ಪಣೆಯಂತೆ. ಹೇಡನ್ ಮೇಲೆ ಸ್ಮೈಲಿಗೆ ಎಂಥ ಅನುಮಾನ ಬಂದರೂ ಅದು ಹೆಂಡತಿಯ ಕಾರಣದ ಹೊಟ್ಟೆಕಿಚ್ಚಿನಂತೆ ಕಾಣಲಿ ಎಂಬುದು ಲೆಕ್ಕ. ಇಡೀ ಕಾದಂಬರಿಯ ಕೀಲು ಇಲ್ಲಿದೆ.

ಧಾರಾವಾಹಿ ಇದನ್ನು ಹಿನ್ನೋಟವಾಗಿ ತೋರಿಸಿತು. ಪ್ಯಾಟ್ರಿಕ್ ಸ್ಟೂವರ್ಟ್ ಒಂದು ಮಾತೂ ಇಲ್ಲದೆ ಕಾರ್ಲಾನಾಗಿ ಕುಳಿತ. ಆಲ್‌ಫ್ರೆಡ್‌ಸನ್ ದೆಹಲಿಗೆ ಹೋಗುವುದೇ ಇಲ್ಲ. ರಾತ್ರಿ, ವಿಸ್ಕಿ, ಕೇಳಲು ಗಿಲಮ್. ಹೇಳುತ್ತ ಹೇಳುತ್ತ ಓಲ್ಡ್‌ಮನ್ ಎದುರಿನ ಖಾಲಿ ಕುರ್ಚಿಗೆ ಮಾತಾಡತೊಡಗುತ್ತಾನೆ, ಅಲ್ಲಿ ಕಾರ್ಲಾ ಕುಳಿತಿದ್ದಾನೆಂಬಂತೆ. ಕಾರ್ಲಾನ ಮುಖವನ್ನು ಚಿತ್ರ ಕೊನೆತನಕ ತೋರಿಸುವುದಿಲ್ಲ. ಆ್ಯನ್‌ಳ ಮುಖವನ್ನೂ ಸರಿಯಾಗಿ ತೋರಿಸುವುದಿಲ್ಲ. ಸ್ಮೈಲಿಯ ಬದುಕನ್ನು ಆಳಿದ ಇಬ್ಬರೂ ನಮಗೆ ಕಾಣದೆ ಉಳಿಯುತ್ತಾರೆ. ಪುಸ್ತಕ ಹತ್ತಾರು ಪುಟಗಳಲ್ಲಿ ಕಟ್ಟಿದ ಒಂಟಿತನ ಆ ಕುರ್ಚಿಯಲ್ಲಿದೆ. ಪಾತ್ರಗಳನ್ನು ಕಳೆದುಕೊಂಡ ಚಿತ್ರ ಪುಸ್ತಕದ ಒಳದನಿಯನ್ನು ಹಿಡಿದದ್ದು ಹೀಗೆ.

ಪರಂಪರೆಯ ಉಳಿದ ಚಿತ್ರಗಳನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. 1984ರ 'ದಿ ಲಿಟಲ್ ಡ್ರಮ್ಮರ್ ಗರ್ಲ್' ಘಟನೆಗಳ ಹಿಂದೆ ಓಡಿ ಸೋತಿತು. ಕಾದಂಬರಿಯ ಇಂಗ್ಲಿಷ್ ನಟಿ ಅಲ್ಲಿ ಡಯೇನ್ ಕೀಟನ್ ರೂಪದಲ್ಲಿ ಅಮೆರಿಕದವಳಾದಳು. ಅದೇ ಕಾದಂಬರಿ 2018ರಲ್ಲಿ ಪಾರ್ಕ್ ಚಾನ್-ವುಕ್ ಕೈಯಲ್ಲಿ ಧಾರಾವಾಹಿಯಾದಾಗ ಉಸಿರಾಡಿತು. 'ದಿ ಕಾನ್‌ಸ್ಟಂಟ್ ಗಾರ್ಡನರ್' (2005) ರೇಚಲ್ ವೈಸ್‌ಗೆ ಆಸ್ಕರ್ ತಂದಿತು. ಅದರ ಸಿಟ್ಟು ಪ್ರಾಮಾಣಿಕ. ಇವೆಲ್ಲಕ್ಕಿಂತ ಎತ್ತರದಲ್ಲಿರುವುದು ಮಾರ್ಟಿನ್ ರಿಟ್ ಅವರ 1965ರ 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್'. ಮೂಲ ಕಾದಂಬರಿ ಚಿಕ್ಕದು, ಅದರ ದಾರಿ ನೇರ; ಆದ್ದರಿಂದ ಏನನ್ನೂ ಬಲಿಕೊಡಬೇಕಾಗಲಿಲ್ಲ. ಬರ್ಲಿನ್ ಗೋಡೆಯ ಮೇಲೇರಿದ ರಿಚರ್ಡ್ ಬರ್ಟನ್, ಜೀವ ಉಳಿಸಿಕೊಳ್ಳುವ ಅವಕಾಶ ಬಿಟ್ಟು ಸತ್ತ ಹುಡುಗಿಯತ್ತ ಮರಳಿ ಇಳಿಯುತ್ತಾನೆ. ಆ ಕಪ್ಪು-ಬಿಳುಪು ದೃಶ್ಯವನ್ನು ಮೀರಿಸಿದ್ದು ಈ ಪರಂಪರೆಯಲ್ಲಿ ಮತ್ತೆ ಬಂದಿಲ್ಲ.

ಹಾಗಾಗಿ 2011ರ ಚಿತ್ರದ ಬಗ್ಗೆ ನನ್ನ ತೀರ್ಮಾನ ಇದು: ದ್ರೋಹದ ಕತೆಯಾಗಿ ಅದು ಧಾರಾವಾಹಿಗಿಂತ ಕೆಳಗೆ, ಸ್ಮೈಲಿಯ ಕತೆಯಾಗಿ ಅದಕ್ಕಿಂತ ಮೇಲೆ. ಪುಸ್ತಕ ಓದದೆ ಚಿತ್ರ ನೋಡಿ ಗೊಂದಲಗೊಂಡು ಎದ್ದುಹೋದವರು ಕಾದಂಬರಿ ಓದಿ ಇನ್ನೊಮ್ಮೆ ನೋಡಲಿ. ಪುಸ್ತಕದ ಮೇಲಿನ ಪ್ರೀತಿಯಿಂದ ಚಿತ್ರವನ್ನು ದೂರವಿಟ್ಟವರು ದೆಹಲಿಯ ಕತೆ ಬರುವ ಆ ಒಂದು ದೃಶ್ಯಕ್ಕಾದರೂ ಅದನ್ನು ನೋಡಲಿ.